ಸ್ಪಿನ್‌ಸ್ಟರ್ ಶಹರ್‌ಬಾನು

ದೇವರಾಜ ಅರಸು ಬಡಾವಣೆ,
ದಾವಣಗೆರೆ
12 ನವೆಂಬರ್ 2024, ಮಂಗಳವಾರ

ಪ್ರೀತಿಯ ಶಾಂತಲಾ,

ಸಲಾಮು ಒಂದು, ನಮಸ್ಕಾರ ಒಂದು. ಯಾವುದು ಬೇಕೋ ಎತ್ತಿಕೋ. ನಿನ್ನ ಕಾಗದ ಬಂದು ವಾರದ ಮೇಲಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ, ಬೈಯಿ. ಹರಿಹರವೇನು ದೆಹಲಿಯಲ್ಲ, ಬಸ್ಸು ಹತ್ತಿದರೆ ಅರ್ಧ ಗಂಟೆ. ಆದರೆ ಎದುರಿಗೆ ಕೂತರೆ ನಿನಗೆ ಕಿವಿ ಕೇಳುವುದಿಲ್ಲ. ನಾನು ಕೂಗಿ ಹೇಳಬೇಕು, ಕೂಗಿದ್ದನ್ನು ನಿಮ್ಮ ಓಣಿಯವರೆಲ್ಲ ಕೇಳಬೇಕು. ಮೊಬೈಲಿನಲ್ಲಿ ಬರೆಯೋಣವೆಂದರೆ ನನ್ನ ಮೊಬೈಲು ನನಗಿಂತ ಹೆಚ್ಚು ನನ್ನ ತಮ್ಮನ ಮಗಳು ಬುಷ್ರಾಳ ಕೈಯಲ್ಲೇ ಇರುತ್ತದೆ. ಹಾಗಾಗಿ ಕಾಗದವೇ ಗತಿ. ನಾಳೆ ನಮ್ಮ ಮಿಲ್ಲಿನ ಓಬಕ್ಕ ಹರಿಹರಕ್ಕೆ ಮಗಳ ಮನೆಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ನಿನ್ನ ಮಂಡಿನೋವು ಹೇಗಿದೆ? ಆ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಬಾಟಲಿಗೆ ಪೂಜೆ ಮಾಡುತ್ತಿದ್ದೀಯೋ?

ನೀನು ಬರೆದದ್ದನ್ನು ಮೂರ್ನಾಲ್ಕು ಸಲ ಓದಿದೆ. "ನಮ್ಮೂರಿನವರನ್ನೇ ಮದುವೆಯಾಗುತ್ತಿದ್ದೀಯ ಅನ್ನುವುದನ್ನು ನಾನು ಬೇರೆಯವರಿಂದ ಕೇಳಬೇಕಾಯಿತಲ್ಲ. ಬಂದವರಿಗೆಲ್ಲ ಬೇಡ ಅಂದವಳು, ನಮ್ಮಣ್ಣನಿಗೂ ಬೇಡ ಅಂದವಳು, ಈ ವಯಸ್ಸಿನಲ್ಲಿ ಹೂಂ ಅಂದೆಯಲ್ಲ, ಏನಾಯಿತೇ ನಿನಗೆ?" ಎಂದು ಕೇಳಿದ್ದೀಯ. ಏನಾಯಿತೆಂದು ನನಗೇ ತಿಳಿಯದು. ನಾನು ಹೂಂ ಅಂದಿಲ್ಲ ಶಾಂತಲಾ. ಬೇಡ ಅಂತಲೂ ಅಂದಿಲ್ಲ. ಆದರೆ ಮನೆಯಲ್ಲಿ ಸಕ್ಕರೆ ಹಂಚಿಯಾಗಿದೆ, ತಮ್ಮನ ಹೆಂಡತಿ ತಸ್ಲೀಮ್ ಸೀರೆ ನೋಡಿಕೊಂಡು ಬಂದಿದ್ದಾಳೆ. ತಲೆ ಕೆಟ್ಟು ಮೊಸರಾಗಿದೆ. ಮೊದಲಿನಿಂದ ಹೇಳುತ್ತೇನೆ, ಕೇಳು. ನಮ್ಮ ಮನೆಯ ಉರ್ದುವನ್ನು ನಿನಗಾಗಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಅಲ್ಲಲ್ಲಿ ಸೊಟ್ಟಗಾದರೆ ನೀನೇ ನೇರ ಮಾಡಿಕೋ.

ಬುಷ್ರಾ ಇಂಗ್ಲಿಷ್ ಎಂ.ಎ. ಓದುತ್ತಿರುವುದು ನಿನಗೆ ಗೊತ್ತಲ್ಲ. ಅವರ ಕ್ಲಾಸಿನಲ್ಲಿ ಒಬ್ಬೊಬ್ಬರೂ ಒಂದೊಂದು ಪದ ಹಿಡಿದು, ಅದು ಎಲ್ಲಿ ಹುಟ್ಟಿತು, ಹೇಗೆ ಹೇಗೆ ಬದಲಾಯಿತು ಅಂತ ಹೇಳಬೇಕಂತೆ. ಅಂದು ಸಂಜೆ ನಾನು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದೆ. ಬಂದವಳೇ, "ಫುಪ್ಪೂ, ನಿಮ್ ಮ್ಯಾಲೆ ಸೆಮಿನಾರ್ ಮಾಡ್ಲಾ?" ಅಂದಳು.

"ಯಾಕವ್ವಾ, ನಾನು ಸತ್ತೋದ್ನಾ?"

"ನಿಮ್ ಮ್ಯಾಲಲ್ಲ ಬಿಡ್ರಿ. ನಿಮ್ಮಂಥೋರಿಗೆ ಇಂಗ್ಲಿಷ್‌ನಾಗ ಒಂದು ಹೆಸರೈತೆ, ಅದರ ಮ್ಯಾಲೆ. ಸ್ಪಿನ್‌ಸ್ಟರ್ ಅಂತ. ಮದ್ವಿ ಆಗ್ದೆ ಉಳಿದ ಹೆಂಗಸು."

ನನಗೆ ಸ್ಪಿನ್ನಿಂಗ್ ಗೊತ್ತಿತ್ತು, ಸ್ಪಿನ್‌ಸ್ಟರ್ ಗೊತ್ತಿರಲಿಲ್ಲ. ಸ್ಪಿನ್ನಿಂಗ್, ಬಾಬಿನ್, ಶಿಫ್ಟ್, ಓವರ್‌ಟೈಮ್, ಕೊನೆಗೆ ಲಾಕೌಟ್; ಮಿಲ್ಲಿನಲ್ಲಿ ನಾವು ಕಲಿತ ಇಂಗ್ಲಿಷು ಅಲ್ಲಿಗೆ ಮುಗಿದಿತ್ತಲ್ಲವೇ? "ಅದು ನೂಲು ತೆಗೆಯೋ ಮಾತಲ್ಲೇನೇ, ಅದಕ್ಕೂ ಮದುವೆಗೂ ಏನು ಸಂಬಂಧ?" ಎಂದು ಕೇಳಿದೆ. ಹುಡುಗಿ ಕುಣಿದಾಡಿಬಿಟ್ಟಳು. "ಅದೇ ನನ್ ಸೆಮಿನಾರು!" ಎಂದು ನೆಲದ ಮೇಲೆ ಕೂತು ಶುರುಮಾಡಿದಳು.

ಅವಳು ಹೇಳಿದ್ದರಲ್ಲಿ ನನ್ನ ತಲೆಗೆ ಹೋದಷ್ಟು ಬರೆಯುತ್ತೇನೆ. ನೂರಾರು ವರ್ಷಗಳ ಹಿಂದೆ ಆ ದೇಶದಲ್ಲಿ ನೂಲು ತೆಗೆಯುವ ಹೆಂಗಸಿಗೆ ಸ್ಪಿನ್‌ಸ್ಟರ್ ಅನ್ನುತ್ತಿದ್ದರಂತೆ. ಬಡಗಿ, ಕಮ್ಮಾರ ಅಂತ ನಾವು ಅನ್ನುವುದಿಲ್ಲವೇ, ಹಾಗೆ ಕಸುಬಿನ ಹೆಸರು. ಕೆಲವರು ತಮ್ಮ ಹೆಸರಿನ ಮುಂದೆ ಅದನ್ನು ಬರೆಸಿಕೊಳ್ಳುತ್ತಿದ್ದರಂತೆ. ಮದುವೆಯಾಗದ ಹೆಣ್ಣುಮಕ್ಕಳೇ ಹೆಚ್ಚಾಗಿ ನೂಲಿಗೆ ಕೂರುತ್ತಿದ್ದುದರಿಂದ, ಬರುಬರುತ್ತಾ ಕೋರ್ಟು ಕಚೇರಿಯವರು ಮದುವೆಯಾಗದವರಿಗೆಲ್ಲ ಅದೇ ಹೆಸರು ಬರೆಯತೊಡಗಿದರು, ಅವಳು ಜನ್ಮದಲ್ಲಿ ಒಂದೆಳೆ ನೂಲು ಮುಟ್ಟದಿದ್ದರೂ ಸರಿಯೇ. ಆಮೇಲೆ ಅದು ವಯಸ್ಸಾದರೂ ಗಂಡು ಸಿಗದವಳು ಅನ್ನುವ ಬೈಗುಳವಾಯಿತು. ಇಪ್ಪತ್ತು ವರ್ಷಗಳ ಹಿಂದೆ ಆ ದೇಶದವರೇ ಮದುವೆ ದಾಖಲೆಗಳಲ್ಲಿ ಅದನ್ನು ಬರೆಯುವುದು ನಿಲ್ಲಿಸಿದರಂತೆ. ಈಗ ಕೆಲವು ಹುಡುಗಿಯರು ನಾನು ಸ್ಪಿನ್‌ಸ್ಟರ್ ಅಂತ ತಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರಂತೆ. ಗಂಡಸರಿಗೆ ಬ್ಯಾಚುಲರ್ ಅನ್ನುತ್ತಾರಲ್ಲ, ಅದಕ್ಕೆ ಇಂಥ ಗತಿ ಬರಲಿಲ್ಲವೇ ಎಂದು ಕೇಳಿದೆ. "ಇಲ್ಲ ಫುಪ್ಪೂ, ಅದು ಹಂಗೇ ಐತೆ, ಮೀಸೆ ತಿರುವ್ಕೊಂಡು," ಅಂದಳು.

ನಗು ಬಂತು. ಆಮೇಲೆ ನಗು ಎಲ್ಲಿಗೋ ಹೋಯಿತು. ಲೆಕ್ಕ ಹಾಕಿ ನೋಡು, ಆ ಪದ ಅಷ್ಟು ವರ್ಷ ನಡೆದ ದಾರಿಯನ್ನು ನಾನು ಒಂದೇ ಜನ್ಮದಲ್ಲಿ ನಡೆದುಬಿಟ್ಟಿದ್ದೆ. ಹದಿನೆಂಟಕ್ಕೆ ಮಿಲ್ಲಿಗೆ ಸೇರಿದಾಗ ನಾನು ನೂಲುವವಳು. ಅಬ್ಬಾ ಓಣಿಯಲ್ಲೆಲ್ಲ "ನನ್ನ ಮಗಳು ಸ್ಪಿನ್ನಿಂಗಿನಲ್ಲಿದ್ದಾಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಮಿಲ್ಲು ಮುಚ್ಚಿತು, ಅಬ್ಬಾ ಹೋದರು, ತಮ್ಮ ಅತೀಕನನ್ನು ಓದಿಸಿದ್ದಾಯಿತು, ಅಮ್ಮಿಯ ಹಾಸಿಗೆ ಮಗ್ಗುಲಲ್ಲಿ ವರ್ಷಗಳು ಕಳೆದವು. ಕೆಲಸದ ಹೆಸರು ಯಾವಾಗ ಹೋಯಿತೋ, ಇಲ್ಲದ ಗಂಡನ ಹೆಸರು ಯಾವಾಗ ಬಂತೋ ನನಗೆ ತಿಳಿಯಲೇ ಇಲ್ಲ. ಕೈಯಲ್ಲಿ ಬೆಳ್ಳುಳ್ಳಿ ಸಿಪ್ಪೆ ಇತ್ತು, ಬೆರಳುಗಳು ಮಾತ್ರ ಹರಿದ ಎಳೆ ಹುಡುಕುತ್ತಿದ್ದವು. ಕಣ್ಣ ಮುಂದೆ ಮಿಲ್ಲು ಬಂದಿತ್ತು, ಪಕ್ಕದ ಯಂತ್ರದ ಹತ್ತಿರ ನೀನು ಜಡೆಗೆಲ್ಲ ಹತ್ತಿ ಅಂಟಿಸಿಕೊಂಡು ನಿಂತಿದ್ದೆ. ಆ ಯಂತ್ರಗಳ ಸದ್ದೇ ನಿನ್ನ ಕಿವಿ ತಿಂದದ್ದು, ನನಗೆ ಗೊತ್ತು. ಬುಷ್ರಾ ಏನೋ ಕೇಳಿದಳು, ನನ್ನ ಕಿವಿಗೆ ಬೀಳಲಿಲ್ಲ, ಎದ್ದುಹೋದಳು.

ಅದೇ ಹೊತ್ತಿಗೆ ಅತೀಕ್ ಒಳಗೆ ಬಂದ. ಹಿಂದೆ ತಸ್ಲೀಮ್. "ಆಪಾ, ಹರಿಹರದ ಫಜಲುಲ್ಲಾ ಸಾಹೇಬರ ಕಡೆಯಿಂದ ಮದ್ವಿ ಪೈಗಾಮ್ ಬಂದೈತೆ. ನಿಮ್ಮನ್ನೇ ಕೇಳ್ಯಾರೆ. ಹೆಂಡ್ತಿ ತೀರಿಕೊಂಡು ಮೂರು ವರ್ಷಾತು. ಹೊಲಿಗೆ ಮಿಷನ್ ರಿಪೇರಿ ಅಂಗಡಿ ಐತೆ. ಏನಂತೀರಿ?" ಎಂದು ಕೇಳಿದ. ಕೇಳಿಸಿತು, ಆದರೆ ದೂರದಿಂದ ಕೇಳಿಸಿದ ಹಾಗೆ. ಮತ್ತೆ ಕೇಳಿದ. ನಾನು ಮಾತಾಡಲಿಲ್ಲ. ತಸ್ಲೀಮ್ ಡಬ್ಬಿಯಿಂದ ಸಕ್ಕರೆ ತೆಗೆದು ನನ್ನ ಬಾಯಿಗೆ ಹಾಕಿ ಅಪ್ಪಿಕೊಂಡಳು. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಯಾರು ತಾನೇ ಏನು ಹೇಳಲಿಕ್ಕಾಗುತ್ತದೆ?

ನಮ್ಮಲ್ಲಿ ಒಂದು ರೀತಿ ಇದೆ, ನಿನಗೆ ಗೊತ್ತಿರಲಿಕ್ಕಿಲ್ಲ. ಮದುವೆಯಾಗದ ಹುಡುಗಿಯನ್ನು ಮನೆಯ ಹಿರಿಯರು ಕೇಳಿದಾಗ ಅವಳು ನಾಚಿಕೊಂಡು ಸುಮ್ಮನಾದರೆ ಅದನ್ನೇ ಒಪ್ಪಿಗೆ ಅಂತ ತಿಳಿಯುತ್ತಾರೆ. ಗಂಡ ತೀರಿಕೊಂಡವಳಾದರೆ, ಬಿಟ್ಟವಳಾದರೆ, ಬಾಯಿಬಿಟ್ಟೇ ಹೇಳಬೇಕು. ನಾನು ಐವತ್ತಾರು ವರ್ಷದ ಹುಡುಗಿ! ಅದೂ ಅಲ್ಲದೆ ಮನೆಗೆ ಬಂದ ಪೈಗಾಮುಗಳಿಗೆಲ್ಲ ನಾನು ಖಂಡತುಂಡವಾಗಿ ಬೇಡ ಅಂದವಳು. ಅಂಥವಳು ಈ ಸಲ ಸುಮ್ಮನಿದ್ದಾಳೆ ಅಂದರೆ ಅತೀಕ್ ಬೇರೆ ಏನೆಂದುಕೊಳ್ಳಬೇಕು, ನೀನೇ ಹೇಳು. ಪಾಪ, ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಹೋಗಿ ಹರಿಹರಕ್ಕೆ ಫೋನು ಮಾಡಿದ.

ಮಾರನೆಯ ದಿನ ಸುದ್ದಿ ಕೇಳಿ ಓಬಕ್ಕ ಆವರಗೆರೆಯಿಂದ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಳು. ಮಿಲ್ಲಿನಲ್ಲಿ ನಮಗೆಲ್ಲ ಕೆಲಸ ಕಲಿಸಿದ ಓಬಕ್ಕನಿಗೆ ಈಗ ಹಲ್ಲಿಲ್ಲ, ನಾಲಿಗೆ ಮಾತ್ರ ಹಾಗೆಯೇ ಇದೆ. ಬುಷ್ರಾಳ ಸೆಮಿನಾರನ್ನು ಅವಳಿಗೂ ಹೇಳಿದೆ. "ನೂಲು ತಗದೋರೆಲ್ಲ ಅದೇ ಆದ್ರೆ, ಐದು ಹಡೆದ ನಾನೂ ಸ್ಪಿನ್‌ಸ್ಟರ್ರೇ ಬಿಡು!" ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ಮುಖ ನೋಡಿ, "ಯಾಕ ಬಾನು, ಒಲ್ಲೆ ಅಂತೀಯೇನು?" ಎಂದಳು. ಗೊತ್ತಿಲ್ಲ ಓಬಕ್ಕ ಎಂದೆ. "ಗೊತ್ತಿಲ್ಲ ಅಂದ್ರೆ ಹೆಂಗೆ? ನಿನ್ ಬಾಯಾಗಿಂದು ನಿಂಗೇ ಗೊತ್ತಿಲ್ಲಾ?" ಎಂದು ಗದರಿದಳು.

ಅಂದು ಸಂಜೆ ಅತೀಕನಿಗೆ ಹೇಳಿಯೇಬಿಟ್ಟೆ. "ನಾನು ಹೂಂ ಅಂದಿಲ್ಲಪ್ಪ." ಅವನ ಮುಖ ಬಿಳುಚಿಕೊಂಡಿತು. "ಬ್ಯಾಡ ಅಂತಾನೂ ಅನ್ನಲಿಲ್ಲಲ್ಲ ಆಪಾ?" ಎಂದ. ಅದೂ ನಿಜವೇ. ನನ್ನ ಪಕ್ಕಕ್ಕೆ ಬಂದು ಕೂತು, "ನಮಗೆ ನೀವು ಭಾರ ಅಂತ ತಿಳಿಬ್ಯಾಡ್ರಿ. ಎಲ್ಲರದ್ದೂ ಮಾಡಿದ್ರಿ, ನಿಮ್ಮದು ಅಂತ ಒಂದು ಮನಿ ಇರ್ಲಿ ಅಂತ ಆಸಿ," ಎಂದ. ಅವನ ಮೇಲೆ ಸಿಟ್ಟು ಮಾಡಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಮಸೀದಿಯ ಹಜರತ್‌ರನ್ನು ಕೇಳಿಕೊಂಡು ಬಂದ. "ಸುಮ್ಮನಿದ್ದರೆ ಸಾಕು ಅಂತ ಇಟ್ಟದ್ದು ನಾಚಿಕೊಳ್ಳೋ ಹುಡುಗಿಯರಿಗೆ ತೊಂದರೆ ಆಗಬಾರದು ಅಂತ. ಅವರ ಮನಸ್ಸು ಮುಚ್ಚಿಹಾಕೋದಕ್ಕಲ್ಲ. ಹೋಗಿ ಮತ್ತೆ ಕೇಳ್ರಿ," ಎಂದರಂತೆ. ಒಳ್ಳೆಯ ಮನುಷ್ಯ.

ಬುಷ್ರಾಳದೊಂದು ಕತೆ ಹೇಳಲೇಬೇಕು. ಅವಳು ಕ್ಲಾಸಿನಲ್ಲಿ ನನ್ನ ಮಿಲ್ಲಿನ ಫೋಟೋ ತೋರಿಸಿ, "ಇವರು ನಮ್ಮ ಫುಪ್ಪು, ಎರಡೂ ಅರ್ಥದಲ್ಲಿ ಸ್ಪಿನ್‌ಸ್ಟರ್" ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದಳಂತೆ. ಫೋಟೋ ತೋರಿಸಲು ಯಾರನ್ನು ಕೇಳಿದೆ ಎಂದು ರೇಗಿದೆ. "ಅವತ್ತು ಅಡುಗೆಮನ್ಯಾಗ ಕೇಳಿದ್ನಲ್ಲ ಫುಪ್ಪೂ. ನೀವು ಸುಮ್ನಿದ್ರಿ," ಅಂದಳು! ಈ ಮನೆಯಲ್ಲಿ ಇನ್ನು ನಾನು ಆಕಳಿಸುವುದಕ್ಕೂ ಹೆದರಬೇಕು.

ಮೊನ್ನೆ ಭಾನುವಾರ ಫಜಲುಲ್ಲಾ ಸಾಹೇಬರೇ ಬಂದರು. ಅತೀಕ್ ಎಲ್ಲವನ್ನೂ ಹೇಳಿದ್ದನಂತೆ, ನನಗೆ ತಲೆ ಎತ್ತಲಾಗಲಿಲ್ಲ. ವರಾಂಡದಲ್ಲಿ ಕೂತೆವು, ಬಾಗಿಲ ಹತ್ತಿರ ತಸ್ಲೀಮ್ ಇದ್ದಳು. ಸಾಹೇಬರು ಎತ್ತರದ ಆಳು, ಉಗುರಿನಲ್ಲಿ ಮಿಷನ್ನಿನ ಎಣ್ಣೆ. ಚಹಾವನ್ನು ಬಸಿಗೆ ಹಾಕಿಕೊಂಡು ಕುಡಿದರು. ಆಮೇಲೆ ನನ್ನ ಕಡೆ ನೋಡದೆ, ರಸ್ತೆಯ ಕಡೆ ನೋಡುತ್ತಾ ಮಾತಾಡಿದರು.

"ನಮ್ಮ ಮೊದಲ್ನೇ ಮನೆಯಾಕಿ, ಪಾಪ, ಕೇಳಿದಾಗ ಸುಮ್ನಿದ್ಲಂತ್ರಿ. ಎಲ್ರೂ ಒಪ್ಪಿಗಿ ಅಂದ್ರು. ಮೂವತ್ತು ವರ್ಷ ಸಂಸಾರ ಮಾಡಿದ್ಲು. ಒಳ್ಳೇಕಿ. ಆದ್ರೆ ಅವತ್ತು ಅಕಿ ಮನಸಿನ್ಯಾಗ ಏನಿತ್ತು ಅಂತ ನಾನು ಕೇಳ್ಲಿಲ್ಲ, ಅಕಿ ಹೇಳ್ಲಿಲ್ಲ. ಈಗ ಕೇಳೋಣಂದ್ರೆ ಅಕಿ ಇಲ್ಲ. ಅದೊಂದು ನನ್ನ ತಿಂತೈತ್ರಿ."

ನಾನೇನೂ ಹೇಳಲಿಲ್ಲ. ಹೇಳಲಿಲ್ಲವೆಂದು ಹೊಳೆದೊಡನೆ ಗಾಬರಿಯಾಗಿ, "ಇದು ಹೂಂ ಅಲ್ಲ ಮತ್ತೆ!" ಎಂದುಬಿಟ್ಟೆ. ಒಳಗೆ ತಸ್ಲೀಮ್ ಕಿಸಕ್ಕನೆ ನಕ್ಕಳು. ಅವರೂ ನಕ್ಕರು.

"ಶುಕ್ರವಾರ ಜುಮ್ಮಾ ಮುಗಿಸಿಕೊಂಡು ಮತ್ತ ಬರ್ತೀನಿ. ನೀವು ಹೂಂ ಅಂದ್ರೂ ಚಾ ಕುಡಿದು ಹೋಗ್ತೀನಿ, ಬ್ಯಾಡ ಅಂದ್ರೂ ಚಾ ಕುಡಿದು ಹೋಗ್ತೀನಿ. ಸುಮ್ನೆ ಮಾತ್ರ ಇರಬ್ಯಾಡ್ರಿ," ಎಂದು ಹೇಳಿ ಎದ್ದರು.

ಇಷ್ಟಾದ ಮೇಲೆ ಬೇಡ ಅನ್ನುವುದು ಸುಲಭವಲ್ಲ, ಹೂಂ ಅನ್ನುವುದೂ ಸುಲಭವಲ್ಲ. ಆ ಮನುಷ್ಯ ನನಗೆ ಹಿಡಿಸಿದ್ದಾರೆ. ಅದೇ ನನ್ನ ಕಷ್ಟ. ಹಿಡಿಸದಿದ್ದರೆ ಎಂದಿನಂತೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಬೆಳಿಗ್ಗೆ ಎದ್ದಾಗ ಹೂಂ ಅನಿಸುತ್ತದೆ. ಹರಿಹರದಲ್ಲಿ ಮನೆ, ಎರಡು ಓಣಿ ದಾಟಿದರೆ ನೀನು, ಸಂಜೆ ಹೊಳೆಯ ಕಡೆ ಕಾಲಾಡಿಸಬಹುದು. ಹಾಲು ಉಕ್ಕುವಷ್ಟರಲ್ಲಿ ಬೇಡ ಅನಿಸುತ್ತದೆ. ಇಷ್ಟು ವರ್ಷ ಒಬ್ಬಳೇ ಮಲಗಿ ಎದ್ದ ಕೋಣೆ, ನನ್ನದೇ ಬೀಗದ ಕೈ, ನಾನು ಯಾರಿಗೂ ಲೆಕ್ಕ ಕೊಟ್ಟವಳಲ್ಲ. ಹೂಂ ಅಂದರೆ ಆ ಸ್ಪಿನ್‌ಸ್ಟರ್ ಅನ್ನುವ ಹೆಸರು ಹೋಗುತ್ತದಲ್ಲ, ಈಗ ತಾನೇ ಪರಿಚಯವಾಗಿತ್ತು ಎಂದು ಹುಚ್ಚುಚ್ಚಾಗಿ ಬೇಜಾರೂ ಆಗುತ್ತದೆ. "ಅದರಾಗ ಅರ್ಧ ನಿಮ್ದೇ ಉಳಿತದ ಫುಪ್ಪೂ, ನೂಲಿನ ಅರ್ಧ," ಎಂದು ಬುಷ್ರಾ ಸಮಾಧಾನ ಹೇಳುತ್ತಾಳೆ. ನೀನು ಏನು ಹೇಳುತ್ತೀಯೋ ಬರೆದು ಓಬಕ್ಕನ ಕೈಯಲ್ಲೇ ಕಳಿಸು. ಗುರುವಾರ ವಾಪಸ್ಸು ಬರುತ್ತಾಳೆ. ಶುಕ್ರವಾರ ನನ್ನ ಬಾಯಿಂದ ಏನು ಬರುತ್ತದೋ ನಾನರಿಯೆ. ಆದರೆ ಬಾಯಿಬಿಟ್ಟೇ ಹೇಳುತ್ತೇನೆ, ಇದೊಂದು ಗಟ್ಟಿ.

ನಿನ್ನ ಮೊಮ್ಮಕ್ಕಳಿಗೆ ನನ್ನ ದುವಾ. ಚಿಕ್ಕವಳ ಕೆಮ್ಮು ಬೇಗ ವಾಸಿಯಾಗಲಿ. ನಿನ್ನ ಮಂಡಿಗೆ ಬಲ ಬರಲಿ, ನಿನ್ನ ಒಲೆ ಯಾವತ್ತೂ ಆರದಿರಲಿ. ಕಿವಿಗೆ ಮಿಷನ್ ಹಾಕಿಸಿಕೋ ಅಂದರೆ ಕೇಳುವುದಿಲ್ಲ ನೀನು, ಹಟಕ್ಕೆ ಕಿವಿ ಬೇಕಿಲ್ಲ ನೋಡು.

ನಿನ್ನ
ಬಾನು

ಮರೆತಿದ್ದು: ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ಕೂತಿದ್ದೆ. ನಿಮ್ಮಣ್ಣನಿಗೆ ನಾನು ಬೇಡ ಅಂದೆ ಎಂದು ಇನ್ನೊಮ್ಮೆ ಬರೆಯಬೇಡ, ಶಾಂತಲಾ. ಅಶ್ವಥ್ ಅವರನ್ನು ಈಗಲೂ ಎಂ.ಸಿ.ಸಿ. ಬಡಾವಣೆಯಲ್ಲಿ ನೋಡುತ್ತಿರುತ್ತೇನೆ, ಸ್ಕೂಟರಿನಲ್ಲಿ ಮೊಮ್ಮಗನನ್ನು ಶಾಲೆಗೆ ಬಿಡಲು ಬರುತ್ತಾರೆ. ನಾನು ತಲೆ ಬಗ್ಗಿಸಿಕೊಂಡು ಹೋಗುತ್ತೇನೆ. ನಿನ್ನ ಮಗನಿಗೆ ಹೆಸರಿಟ್ಟ ದಿನ ನನ್ನನ್ನು ಹರಿಹರದ ಬಸ್‌ಸ್ಟ್ಯಾಂಡಿಗೆ ಬಿಡಲು ಅವರೇ ಬಂದಿದ್ದರಲ್ಲ, ಅವತ್ತು ಕೇಳಿದರು. "ಯಾರೇನಂದ್ರೂ ನಾನು ನೋಡ್ಕೊಂತೀನಿ. ನೀನು ಒಪ್ತೀಯೇನು?" ಎಂದರು. ನಾನು ತಲೆ ಬಗ್ಗಿಸಿ ಸುಮ್ಮನೆ ನಿಂತೆ. ಒಳ್ಳೆಯ ಹುಡುಗಿಯರು ಹೇಗೆ ಒಪ್ಪಿಗೆ ಕೊಡುತ್ತಾರೆ ಎಂದು ಅಮ್ಮಿ ನನಗೆ ಕಲಿಸಿದ್ದು ಅದೊಂದೇ ರೀತಿ. ಅವರಿಗೆ ಅದು ಗೊತ್ತಿರಲಿಲ್ಲ. ಅವರಿಗೆ ಗೊತ್ತಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಬಸ್ಸು ಬರುವ ತನಕ ಕಾದರು, ನನ್ನ ಚೀಲ ಎತ್ತಿಕೊಟ್ಟರು, ಹೋದರು. ಮುಂದಿನ ಬೇಸಿಗೆಯಲ್ಲಿ ಅವರ ಲಗ್ನಪತ್ರಿಕೆ ತಂದುಕೊಟ್ಟವಳು ನೀನೇ, "ನೀನು ಒಲ್ಲೆ ಅಂದೆಯಂತಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದವಳೂ ನೀನೇ. ಅಲ್ಲಿಯವರೆಗೆ ನಾನು ಕಾಯುತ್ತಿದ್ದೆ. ಅವರು ಕೇಳಿದ ಆ ದಿನ ಬಸ್ಸಿನಲ್ಲಿ ದಾವಣಗೆರೆ ಮುಟ್ಟುವ ತನಕ ಕಿಟಕಿಗೆ ಮುಖ ಕೊಟ್ಟು ನಗುತ್ತಾ ಬಂದೆ, ಶಾಂತಲಾ. ನಾನು ಹೂಂ ಅಂದು ಬಂದಿದ್ದೆನಲ್ಲ.