ಮಂಡಿಯೂರಿದ ವಿಮಾನಕ್ಕೆ ಇನ್ನೊಂದು ಸಾಕ್ಷಿ

ಕಲ್ಲುದಿಬ್ಬ
ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ, 2214

ವಿಮಾನ ನಿಲ್ದಾಣದ ಬೇಲಿಯಾಚೆ ನಿಂತು ಕತ್ತೆತ್ತಿ ನೋಡುತ್ತಿರುವವರಿಗೆ ತುಂಗಮ್ಮನ ನಮಸ್ಕಾರ.

ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೆಯ ತಿಂಗಳಿಲ್ಲ ಎಂದು ಗೊತ್ತು. ಸೆಕೆ ತಡೆಯಲಾಗದ ಇಪ್ಪತ್ತೆಂಟು ದಿನಗಳನ್ನು ನಮ್ಮ ಹಿರಿಯರು ಬೇರೆ ತೆಗೆದಿಟ್ಟು, ಆ ದಿನಗಳಲ್ಲಿ ಬಿಸಿಲಿಗೆ ಹೋಗಿ ಯಾರೂ ದುಡಿಯಬಾರದೆಂದು ಮಾಡಿದರು. ಅದಕ್ಕೆ ಬಿಡುತಿಂಗಳು ಎನ್ನುತ್ತೇವೆ. ನನ್ನ ಮಾತುಗಳಲ್ಲಿ ಇಂಥವು ಇನ್ನೂ ಬರುತ್ತವೆ, ಸಹಿಸಿಕೊಳ್ಳಿ. ನಾನು ಓದಿದ್ದು ಏಳನೇ ತರಗತಿ. ಬೀದಿಗಳ ಮೇಲೆ ಕಟ್ಟುವ ನೆರಳುಬಟ್ಟೆ ಹೊಲಿಯುವುದು ನನ್ನ ಕೆಲಸ. ದಿನವೂ ಸಂಜೆ ನಾಲ್ಕು ಸಾಲು ದಿನಚರಿ ಬರೆಯುವ ಅಭ್ಯಾಸವಿದೆ, ಅಷ್ಟೇ ನನ್ನ ಬರವಣಿಗೆ.

ಈ ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂದು ನನಗೂ ತಿಳಿಯದು. ನಮ್ಮ ಅಂಚೆಮನೆಯಲ್ಲಿ ಎರಡು ಪೆಟ್ಟಿಗೆಗಳಿವೆ. ಒಂದು ಈಗ ಇರುವವರಿಗೆ, ಇನ್ನೊಂದು ಹಿಂದಿನವರಿಗೆ. ಮನೆಯಲ್ಲಿ ಸಾವಾದವರು ಎರಡನೆಯ ಪೆಟ್ಟಿಗೆಗೆ ಒಂದು ಕಾಗದ ಹಾಕಬಹುದು. ಹೆಚ್ಚಿನವರು ಸತ್ತವರಿಗೇ ಬರೆಯುತ್ತಾರೆ. ನಮ್ಮ ಅಕ್ಕ ಗುಲಾಬಿ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವಳಿಗೆ ಹೇಳಬೇಕಾದದ್ದನ್ನು ನಾನು ಅವಳು ಬದುಕಿದ್ದಾಗಲೇ ಹೇಳಿದ್ದೇನೆ. ಅದಕ್ಕೇ ನನ್ನ ಪಾಲಿನ ಕಾಗದವನ್ನು ನಿಮಗೆ ಬರೆಯುತ್ತಿದ್ದೇನೆ.

ಈಗ ದೊಡ್ಡ ವಿಮಾನಗಳಿಲ್ಲ. ಸಾಮಾನು ಸಾಗಿಸುವುದು ನಿಧಾನಗಾಡಿಗಳಲ್ಲಿ. ಬಿಸಿಲಿನಿಂದ ಓಡುವ ಆ ಗಾಡಿಗಳು ಸಮುದ್ರದ ದಂಡೆಯಿಂದ ಇಲ್ಲಿಗೆ ಉಪ್ಪು ತರಲು ಹನ್ನೊಂದು ದಿನ ಬೇಕು. ಗಾಡಿ ಬರುವ ದಿನ ಬೀದಿಯವರೆಲ್ಲ ಡಬ್ಬ ಹಿಡಿದು ಸಾಲು ನಿಲ್ಲುತ್ತೇವೆ, ಗಾಡಿಯವರಿಗೆ ಮಜ್ಜಿಗೆ ಕೊಡುತ್ತೇವೆ. ಇಂಥ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ, ಒಂದು ಕಾಲದಲ್ಲಿ ಮನೆಯಷ್ಟು ದೊಡ್ಡ ಯಂತ್ರವನ್ನು ಹೊಟ್ಟೆಯಲ್ಲಿಟ್ಟುಕೊಂಡು ವಿಮಾನ ಹಾರುತ್ತಿತ್ತು ಎಂದು ಹೇಳಿದರೆ ನಗುತ್ತಾರೆ. ನಗಲಿ. ಹಳೆಯ ರನ್‌ವೇ ನಮ್ಮ ಊರಿನ ಪಕ್ಕದಲ್ಲೇ ಬಿರುಕುಬಿಟ್ಟು ಮಲಗಿದೆ. ಅಷ್ಟು ಉದ್ದದ ನೆಲವನ್ನು ಯಾರೂ ಮೆಣಸಿನಕಾಯಿ ಒಣಗಿಸಲು ಹಾಕಿಸಿರಲಾರರು.

ನಿಮ್ಮ ಚಿತ್ರಗಳು ಲೆಕ್ಕಕ್ಕಿಲ್ಲವೇ ಎಂದು ಕೇಳುತ್ತೀರಿ. ಇಲ್ಲ. ನಿಮ್ಮ ಕಾಲದ ಕೊನೆಕೊನೆಗೆ ಯಂತ್ರಗಳು ಇಲ್ಲದ್ದನ್ನೆಲ್ಲ ಚಿತ್ರ ಮಾಡಿಕೊಟ್ಟವು. ಯಾವುದು ನಡೆದದ್ದು, ಯಾವುದು ಮಾಡಿದ್ದು ಎಂದು ಬಿಡಿಸಲಾಗದೆ ದಿಟಮನೆಯವರು ಎಲ್ಲ ಚಿತ್ರಗಳನ್ನೂ ಪಕ್ಕಕ್ಕಿಟ್ಟರು. ಹಿಂದೆ ನಡೆದದ್ದನ್ನು ತೂಗಿನೋಡಿ ದಾಖಲಿಸುವ ಕಚೇರಿಗೆ ನಾವು ದಿಟಮನೆ ಎನ್ನುತ್ತೇವೆ. ಅವರು ಒಪ್ಪುವುದು ಕಂಡವರ ಮಾತನ್ನು ಮಾತ್ರ. ಕಂಡವರು ತಮಗಿಂತ ಚಿಕ್ಕವರಿಗೆ ಅದನ್ನು ಬಾಯಿಪಾಠ ಮಾಡಿಸಬೇಕು. ಅವರು ಇನ್ನೊಬ್ಬರಿಗೆ. ಇದಕ್ಕೆ ಕಣ್ಣು ಕೊಡುವುದು ಎಂದು ಹೆಸರು. ಪಡೆದವರು ಒಂದು ಮಾತನ್ನೂ ಸೇರಿಸುವಂತಿಲ್ಲ, ಬಿಡುವಂತಿಲ್ಲ, ತಿದ್ದುವಂತಿಲ್ಲ. ಕಂಡವನು ತಪ್ಪಾಗಿ ಕಂಡಿದ್ದರೆ ತಪ್ಪನ್ನೇ ಹೇಳಬೇಕು.

ನಿಮ್ಮ ಹಾಗೆ ಬೇಲಿಯ ಬಳಿ ನಿಲ್ಲುತ್ತಿದ್ದವರಿಂದ ಹುಟ್ಟಿದ ನಮ್ಮ ಗುಂಪಿಗೆ ಬೇಲಿ ಬಳಗ ಎಂದೇ ಹೆಸರು. ನಮ್ಮಲ್ಲಿ ಹದಿನಾಲ್ಕು ಕಣ್ಣುಗಳಿವೆ, ಎಂದರೆ ಹದಿನಾಲ್ಕು ಜನ ಕಂಡವರ ಮಾತು. ಅಕ್ಕನಿಗೆ ಬಂದದ್ದು ಇನಾಯತ್ ಪಾಷಾ ಎಂಬ ಮದುವೆ ಫೋಟೊಗ್ರಾಫರನ ಕಣ್ಣು; ಆ ದೊಡ್ಡ ವಿಮಾನವನ್ನು ಹತ್ತಿರದಿಂದ ಕಂಡದ್ದು ಅದೊಂದೇ. ಅವನಿಂದ ಅವಳು ಆರನೆಯವಳು, ನಾನು ಏಳನೆಯವಳು. ಮಾತಾಡಲು ಉಸಿರು ಸಾಲದಿದ್ದ ಕೊನೆಯ ವಾರಗಳಲ್ಲಿ ಅಕ್ಕ ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಬಡಿದು ನನ್ನ ತಪ್ಪು ತೋರಿಸುತ್ತಿದ್ದಳು. ಒಂದು ಸಲ 'ಹೊರಟೆ' ಎನ್ನುವ ಕಡೆ 'ಹೋದೆ' ಎಂದುಬಿಟ್ಟೆ. ಮೂರು ಸಲ ಬಡಿದಳು. ಇನಾಯತ್‌ನ ಮಾತು ಇದು:

"ಸರಕಿನ ಶೆಡ್ಡಿನಲ್ಲಿದ್ದ ಗೆಳೆಯ ಪಾಸ್ ಮಾಡಿಸಿಕೊಟ್ಟ. ಕ್ಯಾಮೆರಾ ಗೇಟಿನಲ್ಲೇ ಇಡಿಸಿಕೊಂಡರು. ಇಷ್ಟು ವರ್ಷ ಬೇಲಿಯಿಂದ ನೋಡಿದ್ದು, ಹತ್ತಿರ ಹೋದಾಗ ಕೈಯಲ್ಲಿ ಏನೂ ಇಲ್ಲ. ಅದಕ್ಕೆ ಎಣಿಸಿಕೊಂಡು ಹೊರಟೆ. ಚಕ್ರ ಇಪ್ಪತ್ತಮೂರು. ಒಂದು ಕಡೆ ವಿಮಾನದ ಆಳೊಬ್ಬ ಒರಗಿ ಕೂತು ಚಹಾ ಕುಡೀತಿದ್ದ, ಅವನ ಬೆನ್ನ ಹಿಂದೆ ಏನಿತ್ತೋ ನೋಡಲಿಲ್ಲ. ಒಂದು ಟೈರು ಮುಟ್ಟಿದೆ, ಇನ್ನೂ ಬೆಚ್ಚಗಿತ್ತು. ರೆಕ್ಕೆಯ ನೆರಳಲ್ಲಿ ಹನ್ನೆರಡು ಲಾರಿ ನಿಂತಿದ್ದವು. ಆಮೇಲೆ ಮೂತಿ ಮೇಲಕ್ಕೆ ಎದ್ದಿತು, ಪೆಟ್ಟಿಗೆ ಮುಚ್ಚಳ ಎದ್ದ ಹಾಗೆ. ಆಮೇಲೆ ಬುಸ್ ಅಂತ ಸದ್ದಾಯಿತು. ಮುಂದಿನ ಕಾಲು ಮಡಿಸಿ ಮಂಡಿಯೂರಿತು. ಮಾವುತ ಹೇಳಿದರೆ ಆನೆ ಕೂರುತ್ತಲ್ಲ, ಹಾಗೆ. ಒಳಗಿಂದ ರೈಲು ಎಂಜಿನ್ ಇಳಿಸಿದರು. ಸುತ್ತ ನೂರು ಜನ ಇದ್ದೆವು. ನನಗೆ ಅಳು ಬಂತು. ಯಾಕೆ ಅಂತ ಗೊತ್ತಿಲ್ಲ."

ಇಷ್ಟೇ. ಏಳು ಬಾಯಿ ದಾಟಿ ಬಂದದ್ದು.

ಕಣ್ಣು ಕೈ ಬದಲಾದಾಗ ದಿಟಮನೆಯಲ್ಲಿ ಮತ್ತೆ ಪರಿಶೀಲನೆ ಆಗಬೇಕು. ಕಳೆದ ತಿಂಗಳು ನನ್ನನ್ನು ಕರೆದರು. ಪರಿಶೀಲಕ ಉಮಾಶಂಕರಯ್ಯನವರು ಕೆಟ್ಟವರಲ್ಲ. ಕೂರಲು ಹೇಳಿ ನೀರು ತರಿಸಿದರು. ನಾನು ಹೇಳಿ ಮುಗಿಸಿದ ಮೇಲೆ ಎರಡು ತಿದ್ದುಪಡಿ ಕೇಳಿದರು. ಚಕ್ರ ಇಪ್ಪತ್ತನಾಲ್ಕು ಎಂದು ಮಾಡಬೇಕು, ಬೇರೆ ದಾಖಲೆಗಳಲ್ಲಿ ಹಾಗಿದೆ. ಮಂಡಿಯೂರಿದ್ದನ್ನು ತೆಗೆಯಬೇಕು, ಅಷ್ಟು ಭಾರದ ಯಂತ್ರ ಕಾಲು ಮಡಿಸಿತು ಎಂದು ಇನ್ನೆಲ್ಲೂ ಇಲ್ಲ. ಸಹಿ ಹಾಕಿದರೆ ಇನಾಯತ್‌ನ ಮಾತು ಸಾಕ್ಷಿಪುಸ್ತಕದಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಕಥೆಪುಸ್ತಕಕ್ಕೆ ಹೋಗುತ್ತದೆ, ಹಾರುವ ಕುದುರೆ ಮತ್ತು ರಾಕ್ಷಸರ ಪಕ್ಕಕ್ಕೆ.

"ಮಂಡಿಯೂರಿತು ಅಂತೀರಲ್ಲ ತಾಯಿ, ನಮಸ್ಕಾರವನ್ನೂ ಮಾಡಿತಾ?" ಎಂದರು. ಕೋಣೆಯಲ್ಲಿದ್ದವರು ನಕ್ಕರು.

"ಮಾಡಲಿಲ್ಲ ಸ್ವಾಮಿ. ಮಾಡಿದ್ದರೆ ಇನಾಯತ್ ಹೇಳ್ತಿದ್ದ," ಎಂದೆ.

ಆಗ ಯಾರೂ ನಗಲಿಲ್ಲ. ಯೋಚಿಸಲು ಪರಿಶೀಲಕರು ಮೂರು ದಿನ ಕಾಲ ಕೊಟ್ಟರು.

ಆ ಮೂರು ದಿನ ನನ್ನನ್ನು ಕಾಡಿದ್ದು ದಿಟಮನೆಯವರಲ್ಲ, ನಮ್ಮವರೇ. ಬಳಗದ ಹಿರಿಯರಾದ ಯಾಕೂಬಣ್ಣ ಮನೆಗೆ ಬಂದು ಜಗಲಿಯ ಮೇಲೆ ಕೂತು ಮೊಣಕಾಲು ನೀವಿಕೊಂಡರು.

"ತುಂಗಾ, ಒಂದು ಚಕ್ರಕ್ಕೋಸ್ಕರ ಇಡೀ ವಿಮಾನ ಕಳಕೊಳ್ಳೋದೇನಮ್ಮಾ? ಇಪ್ಪತ್ತನಾಲ್ಕು ಅಂದರೆ ನಾಲಿಗೆ ಸವೆಯುತ್ತಾ?"

"ಚಕ್ರ ಬಿಡಿ ಅಣ್ಣಾ, ಮಂಡಿ?"

"ಮಂಡಿ ನಮ್ಮೊಳಗೇ ಇಟ್ಕೊಳ್ಳೋಣ. ನನಗಂತೂ ಮಂಡಿ ನೋವು ಸಾಕಾಗಿದೆ."

ನಾನೂ ನಕ್ಕೆ. ಅಕ್ಕ ಹೋದ ಮೇಲೆ ನಕ್ಕದ್ದು ಅದೇ ಮೊದಲು ಎಂದು ಆ ಸಂಜೆ ದಿನಚರಿಯಲ್ಲಿ ಬರೆದಿದ್ದೇನೆ. ಆದರೆ ಅವರ ಮಾತು ತಪ್ಪು. ಇಪ್ಪತ್ತನಾಲ್ಕು ಎನ್ನುವುದು ಅಲ್ಲಿಗೆ ಹೋಗದವನೂ ಪುಸ್ತಕ ನೋಡಿ ಹೇಳಬಹುದಾದ ಸಂಖ್ಯೆ. ಇಪ್ಪತ್ತಮೂರು ಎಂದು ಹೇಳಬಲ್ಲವನು, ಒಬ್ಬ ಆಳು ಚಹಾ ಕುಡಿಯುತ್ತ ಒಂದು ಚಕ್ರವನ್ನು ಮರೆಮಾಡಿದ್ದಾಗ ಅದರ ಮುಂದೆ ನಿಂತಿದ್ದವನು ಮಾತ್ರ. ಅದನ್ನು ತಿದ್ದಿದರೆ ಆ ಆಳೂ ಹೋಗುತ್ತಾನೆ, ಇನಾಯತ್ ಕೂಡ ಹೋಗುತ್ತಾನೆ. ಮಂಡಿಯೂರಿದ್ದನ್ನು ತೆಗೆದರೆ ಅವನು ಅತ್ತದ್ದಕ್ಕೆ ಏನು ಅರ್ಥ? ನಮ್ಮಕ್ಕ ಉಸಿರಿಗೆ ಒದ್ದಾಡುತ್ತ 'ಹೊರಟೆ' ಎಂಬ ಒಂದು ಮಾತನ್ನು ಬಿಟ್ಟುಕೊಡಲಿಲ್ಲ. ಅವಳು ಕಾಪಾಡಿದ್ದನ್ನು ಒಂದು ಸಹಿಯಲ್ಲಿ ನಾನು ಮುಗಿಸುವುದೇ?

ನಾಲ್ಕನೆಯ ದಿನ ಹೋದೆ. ಇಪ್ಪತ್ತಮೂರು ಎಂದೆ. ಮಂಡಿಯೂರಿತು ಎಂದೆ. ಉಮಾಶಂಕರಯ್ಯನವರು ಕಥೆ ಎಂದು ಮುದ್ರೆ ಒತ್ತಿದರು. ಒತ್ತುವಾಗ ನನ್ನ ಮುಖ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ, ಬಿಸಿಲೇರುವ ಮುಂಚೆ, ಸುಣ್ಣದ ಪುಡಿ ತೆಗೆದುಕೊಂಡು ರನ್‌ವೇಗೆ ಹೋದೆ. ವರ್ಷಕ್ಕೊಮ್ಮೆ ಬಳಗದವರು ಅಲ್ಲಿ ಆ ವಿಮಾನದ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದು ಗೆರೆ ಹಾಕುತ್ತೇವೆ. ಮೂತಿಯಿಂದ ಬಾಲಕ್ಕೆ ನಡೆಯುವಷ್ಟರಲ್ಲಿ ಚಿಕ್ಕ ಮಕ್ಕಳಿಗೆ ಬಾಯಾರುತ್ತದೆ. ಈ ವರ್ಷ ಅದಕ್ಕೆ ಅಪ್ಪಣೆ ಇರಲಿಲ್ಲ, ಕಥೆಗೆ ಗೆರೆ ಹಾಕುವಂತಿಲ್ಲ. ಒಬ್ಬಳೇ ಹಾಕುತ್ತೇನೆ ಎಂದುಕೊಂಡಿದ್ದೆ. ಯಾಕೂಬಣ್ಣ ಮೊದಲೇ ಬಂದು ಮೂತಿಯ ಜಾಗದಲ್ಲಿ ನಿಂತಿದ್ದರು. "ಬೇಗ ಹಾಕಮ್ಮಾ, ಕಾಲು ನೋಯ್ತದೆ," ಎಂದರು. ಹಿಂದೆ ನಲವತ್ತು ಜನ ಬಂದರು. ಕಾವಲಿನವರು ಬರುವ ಹೊತ್ತಿಗೆ ಎರಡೂ ರೆಕ್ಕೆ ಮುಗಿದಿದ್ದವು. ಅಳಿಸಿ ಎಂದರು. ನೀವೇ ಅಳಿಸಿ ಎಂದೆವು. ಅಷ್ಟು ದೊಡ್ಡದನ್ನು ಅಳಿಸಲು ಅವರಿಗೆ ನೀರೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಒಂದು ಕಣ್ಣು ಒಬ್ಬರಿಗೆ ಎನ್ನುವುದು ನಮ್ಮ ನಿಯಮ. ಅದನ್ನೂ ಅಲ್ಲೇ ಮುರಿದೆ. ಈಗ ಇನಾಯತ್‌ನ ಮಾತು ಒಂಬತ್ತು ಜನರ ಬಾಯಲ್ಲಿದೆ.

ಈಗ ನಿಮ್ಮಿಂದ ಬೇಕಾದದ್ದು. ದಿಟಮನೆಯ ಕಾನೂನಿನಲ್ಲಿ ಒಂದು ದಾರಿ ಇದೆ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಕಂಡವರ ಮಾತು ಒಂದಕ್ಕೊಂದು ಹೊಂದಿದರೆ ಮುದ್ರೆಯನ್ನು ತೆಗೆಯಲೇಬೇಕು. ನಿಮ್ಮಲ್ಲಿ ಯಾರಾದರೂ ಅಂಥ ವಿಮಾನವನ್ನು ಹತ್ತಿರದಿಂದ ನೋಡಿದ್ದೀರಾ? ಅದು ಮುಂದಿನ ಕಾಲು ಮಡಿಸಿ ಎದೆಯನ್ನು ನೆಲಕ್ಕೆ ತಂದದ್ದನ್ನು ನೋಡಿದ್ದೀರಾ? ಹಾಗಾದರೆ ಚಿತ್ರವನ್ನು ನಂಬಿ ಸುಮ್ಮನಿರಬೇಡಿ. ನಿಮಗಿಂತ ಚಿಕ್ಕವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಹೇಳಿ. ನಿಮ್ಮ ಹೆಸರು, ಊರು, ಅಂದು ಏನು ತಿಂದು ಹೊರಟಿರಿ, ಯಾರು ಅಡ್ಡ ನಿಂತಿದ್ದರು, ಎಲ್ಲ ಹೇಳಿ. ಚೆಂದ ಮಾಡಬೇಡಿ. ಮರೆತದ್ದನ್ನು ಮರೆತೆ ಎಂದೇ ಹೇಳಿ. ಅವರು ತಪ್ಪಿದರೆ ಬಡಿದು ತಿದ್ದಿ.

ನೀವು ಇಂದು ಹೇಳಿದರೆ, ಅದು ಯಾರದೋ ಬಾಯಲ್ಲಿ ನಡೆದುಕೊಂಡು ನನ್ನ ಕಾಲಕ್ಕೆ ಬಂದು ಸೇರುತ್ತದೆ. ಯಾವ ಊರಿನಿಂದ ಬರುತ್ತದೋ ಗೊತ್ತಿಲ್ಲ. ಅದಕ್ಕೆ ಪ್ರತಿ ನಿಧಾನಗಾಡಿ ಬಂದಾಗಲೂ ಡಬ್ಬ ಹಿಡಿದು ಸಾಲಿನಲ್ಲಿ ನಿಂತು, ಇಳಿಯುವ ಅಪರಿಚಿತರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದೇನೆ: ನಿಮ್ಮ ಕಡೆ ಯಾರಾದರೂ ವಿಮಾನದ ಕಣ್ಣಿನವರು ಇದ್ದಾರೆಯೇ? ಹುಚ್ಚಿ ಎನ್ನುತ್ತಾರೆ. ಅನ್ನಲಿ. ಇನ್ನೂ ಸಹಿ ಹಾಕಿಲ್ಲ ನಾನು, ಹಾಕುವುದೂ ಇಲ್ಲ. ನೀವು ಮಾತ್ರ ತಡಮಾಡಬೇಡಿ.

ಇಂತಿ,
ಇನಾಯತ್ ಪಾಷಾನ ಏಳನೆಯ ಕಣ್ಣು,
ಗುಲಾಬಿಯ ತಂಗಿ ತುಂಗಮ್ಮ