ಎಡಗಡೆಯ ಚಕ್ರ

ಅಪ್ಪಾ,

ನಿನ್ನ ಹಳೇ ಜೀಪಿನ ಬ್ರೇಕ್ ಸರಿಮಾಡಲು ಇವತ್ತು ನಾನೇ ಕೂತೆ. ಬಲಗಡೆಯ ಚಕ್ರಗಳು ಸಲೀಸಾಗಿ ಬಂದವು. ಎಡಗಡೆಯ ನಟ್ಟುಗಳು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕೊನೆಗೆ ಸ್ಪ್ಯಾನರಿನ ಮೇಲೆಯೇ ಹತ್ತಿ ನಿಂತೆ.

ಜೀಪನ್ನು ‘ನನ್ನ ಸವತಿ’ ಎನ್ನುತ್ತಿದ್ದ ಅಮ್ಮ, ನೀನು ಕಣ್ಣು ಮುಚ್ಚಿದ ಮೇಲೆ ಶೆಡ್ಡಿನ ಕಡೆ ತಲೆ ಹಾಕಿರಲಿಲ್ಲ. ಇವತ್ತು ಬಾಗಿಲಲ್ಲಿ ನಿಂತಿದ್ದಳು.

“ಅಯ್ಯೋ, ಇನ್ನೂ ಬಿಗಿ ಮಾಡ್ತಿದ್ದೀಯಲ್ಲೇ! ಈ ಗಾಡಿಗೆ ಎಡಗಡೇದು ಉಲ್ಟಾ ತಿರುಗಿಸ್ಬೇಕು.”

“ನಿನಗೆ ಹೇಗಮ್ಮಾ ಗೊತ್ತು?”

“ಅವರಿಗೆ ಟಾರ್ಚ್ ಹಿಡ್ಕೊಂಡು ನಿಲ್ತಿದ್ದೋಳು ಯಾರು, ನೀನಾ?”

ನಾನು ಸ್ಪ್ಯಾನರನ್ನು ಉಲ್ಟಾ ತಿರುಗಿಸಿದೆ. ನಟ್ಟು ಕಿರ್ರೆಂದು ಸಡಿಲವಾಯಿತು. ಅಮ್ಮ ತೋಳು ಮಡಿಸಿಕೊಂಡು ಪಕ್ಕದಲ್ಲೇ ಕೂತಳು.

“ಬ್ರೇಕ್ ಸರಿಹೋದ್ಮೇಲೆ ನಂಗೂ ಓಡಿಸೋಕೆ ಕಲಿಸು. ಸವತಿ ಹತ್ರ ಎಷ್ಟು ದಿನ ಅಂತ ಮಾತು ಬಿಟ್ಟಿರೋದು?”