ಭಾನುವಾರ ರಜೆ ಪಡೆಯುವ ನಲ್ಲಿ

ಬರ್ಮಂಡ್ಸಿ ಪೇಟೆಯ ಆರೋಗ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ಸ್ಕಿನ್ನರ್ಸ್ ಗಲ್ಲಿಗೆ ಇರುವುದೊಂದೇ ನಲ್ಲಿ. ಅದಕ್ಕೆ ತಾವು ಭಾನುವಾರ ರಜೆ ಕೊಟ್ಟಿದ್ದೀರಿ. ಆ ರಜೆ ರದ್ದಾಗಬೇಕೆಂದೇ ಈ ಪತ್ರ.

ತಮ್ಮ ಕಚೇರಿಯ ಪ್ರಕಟಣೆಯನ್ನು ಅದೇ ನಲ್ಲಿಯ ಕಂಬಕ್ಕೆ ಅಂಟಿಸಿದ್ದಾರೆ: "ಪ್ರತಿದಿನ ಮೈ ತೊಳೆಯಿರಿ, ನೆಲ ತೊಳೆಯಿರಿ, ಕಾಲರಾ ದೂರವಿಡಿ." ಓದಲು ಸೊಗಸಾಗಿದೆ. ನಲ್ಲಿ ಬಂದಾದ ದಿನ ಓದಲು ಪುರುಸೊತ್ತೂ ಸಿಗುತ್ತದೆ. ನಾವು ಕೆಲವರು ಬಂದು ಕೇಳಿದಾಗ ತಾವು, ನೀರು ಬಿಡುವವನೂ ಕ್ರೈಸ್ತನೇ, ದೇವರ ದಿನ ಅವನಿಗೂ ವಿಶ್ರಾಂತಿ ಬೇಡವೇ ಎಂದಿರಿ. ಬೇಕು ಸ್ವಾಮಿ. ಆದರೆ ಅವನು ವಿಶ್ರಾಂತಿ ಪಡೆಯುವುದು ಮೂಲೆಯ ಬಿಯರ್ ಅಂಗಡಿಯಲ್ಲಿ. ಅಲ್ಲಿ ಭಾನುವಾರವೂ ಬಿಯರ್ ಧಾರಾಳವಾಗಿ ಹರಿಯುತ್ತದೆ. ಬಿಯರಿಗೆ ಇಲ್ಲದ ಭಕ್ತಿ ನೀರಿಗೇಕೆ? ಶನಿವಾರವೇ ಪೀಪಾಯಿಯಲ್ಲಿ ತುಂಬಿಟ್ಟುಕೊಳ್ಳಿ ಎಂದೂ ಬುದ್ಧಿ ಹೇಳಿದಿರಿ. ಗಲ್ಲಿಗೆಲ್ಲ ಸೇರಿ ಇರುವ ಒಂದೇ ಪೀಪಾಯಿ ಪಾಯಿಖಾನೆಯ ಗೋಡೆಗೆ ಒರಗಿದೆ, ಮುಚ್ಚಳವಿಲ್ಲ. ಈ ಪತ್ರ ತಮ್ಮ ಊಟದ ಹೊತ್ತಿಗೆ ತಲುಪಬಹುದಾದ್ದರಿಂದ ಅದರಲ್ಲಿ ಏನೇನು ತೇಲುತ್ತದೆಂದು ಬರೆಯುವುದಿಲ್ಲ.

ಹೋದ ಭಾನುವಾರ ನನ್ನ ಸೊಸೆ ಟ್ಯಾಮ್ಸಿನ್‌ಗೆ ಹೆರಿಗೆ ನೋವು ಬಂತು. ಸೂಲಗಿತ್ತಿ ಗ್ಯಾಮೇಜ್ ಅಜ್ಜಿ ತೋಳು ಮಡಚಿ ನಿಂತು, "ನೀರೆಲ್ಲೇ ತಾಯಿ?" ಎಂದಳು.

"ಇವತ್ತು ಭಾನುವಾರ ಅಜ್ಜಿ."

"ಅದನ್ನ ಕೂಸಿಗೆ ಹೇಳು. ಅದು ಆಗ್ಲೇ ಹೊರಟಿದೆ."

ನೆರೆಯ ಹೆಂಗಸರು ಟೀಪಾಟು ಹಿಡಿದು ಓಡಿಬಂದರು. ಶನಿವಾರ ಚಿಕ್ಕಪುಟ್ಟ ಪಾತ್ರೆಗಳಲ್ಲಿ ಹಿಡಿದಿಟ್ಟದ್ದು ಬೆಳಿಗ್ಗೆಯೇ ಮುಗಿದು ಯಾರ ಮನೆಯಲ್ಲೂ ಬರೀ ನೀರಿರಲಿಲ್ಲ, ಬಂದದ್ದೆಲ್ಲ ಬೆಳಗಿನ ಚಹಾದ ಉಳಿಕೆ. ಎಲ್ಲವನ್ನೂ ಒಂದೇ ಬೋಗುಣಿಗೆ ಸುರಿದು ಬಿಸಿ ಮಾಡಿದೆವು. ಅಜ್ಜಿ ಅದರ ಬಣ್ಣ ನೋಡಿ, "ಇದ್ರಲ್ಲಿ ಕೂಸನ್ನ ತೊಳೀಲಾ, ಇಲ್ಲ ಸಕ್ಕರೆ ಹಾಕ್ಕೊಂಡು ಕುಡೀಲಾ?" ಎಂದಳು. ಹೀಗೆ ನನ್ನ ಮೊಮ್ಮಗಳು ಚಹಾದಲ್ಲಿ ಮಿಂದು ಮಹಾರಾಣಿಯವರ ಪ್ರಜೆಯಾದಳು.

ಕೂಸು ಗಟ್ಟಿಯಾಗಿದೆ. ಅದರ ತಾಯಿಗೆ ಏರಿದ ಜ್ವರ ಮಾತ್ರ ಇನ್ನೂ ಇಳಿದಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕುತ್ತಿರಬೇಕು, ಪದೇ ಪದೇ ಒಳ್ಳೆಯ ನೀರು ಕುಡಿಸಬೇಕು ಎಂದಿದ್ದಾಳೆ ಅಜ್ಜಿ. ನಾಳಿದ್ದು ಮತ್ತೆ ಭಾನುವಾರ. ತಮಾಷೆಯಾಗಿ ಬರೆಯುತ್ತಿದ್ದೇನೆ ನಿಜ, ಆದರೆ ನನಗೆ ಭಯವಾಗಿದೆ.

ಆದ್ದರಿಂದ ಈ ಭಾನುವಾರ ನಲ್ಲಿ ತೆರೆಸಿ. ಆಗದಿದ್ದರೆ ತಾವೇ ದಯಮಾಡಿಸಿ ಟ್ಯಾಮ್ಸಿನ್ ಹಾಸಿಗೆಯ ಪಕ್ಕದಲ್ಲಿ ಕುಳಿತುಕೊಳ್ಳಿ. ಅವಳು ನೀರು ಕೇಳಿದಾಗಲೆಲ್ಲ, ನಾಳೆ ಕೊಡುತ್ತೇವೆ ಎಂದು ತಾವೇ ಹೇಳಿ. ಅದನ್ನು ಹೇಳುವುದು ನನ್ನಿಂದಾಗದು.

ಇಂತಿ,
ವಾರದಲ್ಲಿ ಆರು ದಿನ ಮಾತ್ರ ಶುಚಿಯಾಗಿರಲು ಅಪ್ಪಣೆಯುಳ್ಳ
ಕೆಝಾಯಾ ಬ್ಲಂಡೆನ್,
ಊರವರ ಬಟ್ಟೆ ಒಗೆಯುವವಳು